ಗುರುತು

ಕುತೈಸಿ ಊರಿನ ಅಂಧ ಮಕ್ಕಳ ಶಾಲೆ, ಎರಡನೇ ಮಹಡಿ.
ರಾತ್ರಿ ಹತ್ತೂವರೆ. ಪರದೆ ಹೇಳುತ್ತಿದೆ:
ಅಪರಿಚಿತ ಸಾಧನ.
ಪಕ್ಕದಲ್ಲೊಂದು ಹಳದಿ ತ್ರಿಕೋನ,
ಬಾಗಿಲಲ್ಲೇ ತಡೆದು ನಿಲ್ಲಿಸುವ ಕಾವಲಿನವನ ಹಾಗೆ.

ಅಪರಿಚಿತವಂತೆ!
ಹತ್ತೊಂಬತ್ತು ವರ್ಷ ಇದೇ ಮೇಜಿನ ಮೇಲೆ ಕೂತು
ಕಾಗದಕ್ಕೆ ಬ್ರೈಲ್ ಚುಕ್ಕಿ ಒತ್ತಿದ ಯಂತ್ರ;
ಮೂವತ್ತು ಕಿಲೋ ಭಾರ, ಕಬ್ಬಿಣದ ಕೆಮ್ಮು.
ನಿನ್ನೆ ಕಂಪ್ಯೂಟರಿಗೆ ಹೊಸ ವ್ಯವಸ್ಥೆ ಹಾಕಿದವನು ನಾನೇ,
ನುಗ್ಜಾರ್, ತಿಂಗಳಿಗೆರಡು ಸಲ ಬರುವ ರಿಪೇರಿಯವನು.
"ಎಲ್ಲ ಮೊದಲಿನ ಹಾಗೇ ಇರುತ್ತೆ" ಅಂದವನೂ ನಾನೇ.

ಕೇಬಲ್ ಕಿತ್ತು ಮತ್ತೆ ಚುಚ್ಚಿದೆ. ಪೋರ್ಟಿನ ಧೂಳು ಊದಿದೆ.
ಆಫ್ ಮಾಡಿ, ಹತ್ತು ಎಣಿಸಿ, ಆನ್ ಮಾಡಿದೆ.
ಡ್ರೈವರ್ ಹುಡುಕಿದೆ; ಯಂತ್ರ ಮಾಡಿದ ಕಂಪನಿಯೇ
ಬಾಗಿಲು ಹಾಕಿ ಏಳು ವರ್ಷವಂತೆ.
ಬೆನ್ನ ಹಿಂದಿನ ಪುಟ್ಟ ಸ್ವಿಚ್ಚುಗಳನ್ನು
ಹಲ್ಲುಕಡ್ಡಿಯಿಂದ ಮೇಲೆ, ಕೆಳಗೆ, ಮೇಲೆ.
ತ್ರಿಕೋನ ಜಪ್ಪಯ್ಯ ಅನ್ನಲಿಲ್ಲ.

ನಾಳೆ ಒಂಬತ್ತಕ್ಕೆ ಭೂಗೋಳ ಪರೀಕ್ಷೆ,
ಹನ್ನೊಂದು ಮಕ್ಕಳು, ತಲಾ ಆರು ಹಾಳೆ.
ಲಮಾರಾ ಮೇಡಂ ಎದುರು ಕುರ್ಚಿಯಲ್ಲಿ
ಚಹಾ ಆರಲು ಬಿಟ್ಟು ಕೂತಿದ್ದಾರೆ.
ಹುಟ್ಟಿದಾಗಿನಿಂದ ಬೆಳಕು ಕಂಡವರಲ್ಲ.
"ಗುಂಯ್ ಅನ್ನುತ್ತಿದೆಯಲ್ಲ, ಉಸಿರಿದೆ" ಅಂದರು.
"ಉಸಿರಿದೆ, ಮಾತಿಲ್ಲ" ಅಂದೆ.

"ಡಬ್ಬಿಯಲ್ಲಿ ಹಳೇ ಸಿ.ಡಿ. ಇರಬೇಕು, ನೋಡಿದೆಯಾ?"
ನೋಡಿದ್ದೆ. ಎರಡು ಸಲ.
ನಿಘಂಟು, ಹಾಡು, ಯಾರದೋ ಮದುವೆ;
ಮಿಕ್ಕವು ಹೆಸರಿಲ್ಲದ ಖಾಲಿ.
ಖಾಲಿಯವನ್ನೆಲ್ಲ ಕಸದ ಚೀಲಕ್ಕೆ ತುಂಬಿದ್ದೆ.

ಎದ್ದು ಬಂದು ಚೀಲದೊಳಗೆ ಕೈಯಿಟ್ಟರು,
ಕಾಳಿನಲ್ಲಿ ಕಲ್ಲು ಆರಿಸುವ ಹಾಗೆ.
ಮೂರನೆಯದರ ಮೇಲೆ ಬೆರಳು ನಿಂತಿತು.
ಬಣ್ಣವಿಲ್ಲದ ಟೇಪು, ನನ್ನ ಕಣ್ಣಿಗೆ ಏನೂ ಇಲ್ಲ;
ದೀಪಕ್ಕೆ ಓರೆ ಹಿಡಿದರೆ ಸಣ್ಣ ಸಣ್ಣ ಗುಳ್ಳೆ.
ಗಟ್ಟಿಯಾಗಿ ಓದಿದರು:
"ಚುಕ್ಕಿ ಯಂತ್ರದ್ದು. ಎಸೆಯಬೇಡಿ.
ನುಗ್ಜಾರ್ ಕೈಗೆ ಕೊಡಬೇಡಿ."
ಕೊನೆಯ ಸಾಲು ಅಲ್ಲಿತ್ತೋ ಇಲ್ಲವೋ,
ನನಗೆ ಓದಲು ಬರುವುದಿಲ್ಲ.

ಹನ್ನೆರಡು ಹತ್ತಕ್ಕೆ ಯಂತ್ರ ಒಮ್ಮೆ ಗೊರಗೊರ ಅಂದು
ಟಕಟಕ ಹೊಡೆಯತೊಡಗಿತು. ಕಿಟಕಿ ಗಾಜು ನಡುಗಿತು,
ಚಹಾದ ಮೇಲೆ ಉಂಗುರಗಳೆದ್ದವು.
ಮೊದಲ ಹಾಳೆ ಹರಿದುಕೊಂಡು ಬೆರಳಾಡಿಸಿ
"ರಿಯೋನಿ ನದಿಗೆ ಒಂದಕ್ಷರ ತಪ್ಪಿದೆ" ಅಂದರು,
"ತಪ್ಪು ನನ್ನದೇ, ಯಂತ್ರದ್ದಲ್ಲ."

ಪರದೆಯ ಮೇಲೆ ತ್ರಿಕೋನ ಇನ್ನೂ ಹಾಗೇ ಇತ್ತು.
"ಈಗಲೂ ಗುರುತಿಲ್ಲ ಅನ್ನುತ್ತಿದೆ" ಅಂದೆ.
"ಅನ್ನಲಿ ಬಿಡು. ಕಾಗದ ತುಂಬು."