ನೂರಕ್ಕ ನಾಕು

ಇಲ್ಯಾಸ ಕಂಪ್ಯೂಟರ್ ನೋಡಿ ಅಂದ:
"ಗುರಬಸಮ್ಮಾ, ಪೆನ್ಷನ್ ಈಗ ತಗೊಂಡ್ರ
ವರ್ಷಕ್ಕ ನೂರಕ್ಕ ನಾಕು ಮುರೀತದ.
ಐವತ್ತೆಂಟಕ್ಕ ಪೂರಾ."

ನಾಕು ನನಗ ಹೊಸಾದೇನಲ್ಲ.
ಕಪನೂರ ದಾಲ್ ಮಿಲ್ಲಿನಾಗ
ಇಪ್ಪತ್ತೆರಡು ವರ್ಷ ಜರಡಿ ಹಿಡದೀನಿ.
ಎಷ್ಟು ಹಗೂರ ಒಡದ್ರೂ ತೊಗರಿ
ಒಂದಿಷ್ಟು ನುಚ್ಚಾಗೇ ಆಗ್ತದ.
ನುಚ್ಚೂ ಕುದೀತದ.

ಆಧಾರದಾಗ ನಾ ಐವತ್ತಾರು, ಜೂನ್ ಒಂದು.
ಹಲ್ಲು ನೋಡಿ ಮಾಸ್ತರ ಬರಕೊಂಡಿದ್ದ.
ಅವ್ವನ ಲೆಕ್ಕದಾಗ
ದೊಡ್ಡಪ್ಪ ಬಾವಿ ತೋಡಿಸಿದ ವರ್ಷದಾಕಿ,
ಐವತ್ತೆಂಟು ಯಾವಾಗೋ ದಾಟೀನಿ.
ಬಾವಿ ಮುಚ್ಚಿ ಈಗ ಲೇಔಟ್ ಆಗ್ಯದ;
ಸಾಕ್ಷಿ ಯಾರು ಹೇಳಬೇಕು?

"ಎರಡು ವರ್ಷ ತಡೀರಿ," ಅಂದ.

ಬೆರಳು ಇಟ್ಟೆ. ಯಂತ್ರ ಒಲ್ಲೆ ಅಂತು.
ಮತ್ತ ಇಟ್ಟೆ. ಒಲ್ಲೆ.
ಗೆರಿ ಎಲ್ಲಾ ಜರಡಿಗೇ ಹೋಗ್ಯಾವ.
ತಡದ್ರ ರೊಕ್ಕ ಪೂರಾ ಬರ್ತದ,
ಬೆರಳು ಬರ್ತದೇನು?

ಸೆರಗಿಗೆ ಒರಸಿ, ಉಸಿರು ಹಿಡದು,
ಒತ್ತಿದೆ.