ಹಿಂದಿನ ಓಣಿಯಿಂದ

ಈ ಊರಿನ ಹೋಟೆಲುಗಳ ಬೋರ್ಡು ನಾನು ಓದಿದವನಲ್ಲ.
ನನಗೆ ಗೊತ್ತಿರುವುದು ಹಿಂದಿನ ಓಣಿ,
ತೊಳೆದ ನೀರಿಗೆ ಪಾಚಿಗಟ್ಟಿದ ಮೆಟ್ಟಿಲು,
ಈರುಳ್ಳಿ ಸಿಪ್ಪೆಯ ಗುಡ್ಡೆ, ಅದರ ಮೇಲೊಂದು ಬೆಕ್ಕು,
'ಬಂದ್ಯಾ ಹಾಲೇಶಿ, ಬೇಗ ನೋಡೋ,
ಹಿಟ್ಟು ಅರ್ಧಕ್ಕೇ ನಿಂತಿದೆ.'

ಸ್ಪ್ಯಾನರು, ಎರಡು ಬೆಲ್ಟು, ಗ್ರೀಸಿನ ಡಬ್ಬಿ,
ಸವೆದ ಕಲ್ಲಿಗೆ ಮುಳ್ಳು ಹುಯ್ಯುವ ಉಳಿ.
ಮೊಪೆಡ್ಡಿನ ಚೀಲದಲ್ಲಿ ಇಷ್ಟೇ ಸಂಸಾರ.

ದುರ್ಗಿಗುಡಿಯ ಐತಾಳರಲ್ಲಿ
ಉದ್ದು ಎಷ್ಟು, ಅಕ್ಕಿ ಎಷ್ಟು,
ಕಲ್ಲು ತಿರುಗುವ ಸದ್ದಿನಲ್ಲೇ ಹೇಳಿಬಿಡುತ್ತೇನೆ.
ಉದ್ದಿನ ಬೆಲೆ ಏರಿದ ವಾರ
ಕಲ್ಲಿಗೆ ಗಂಟಲು ಕಟ್ಟುತ್ತದೆ.
ಗಿರಾಕಿಗೆ ಅದು ತಿಳಿಯುವುದು ಮೂರು ದಿನ ತಡವಾಗಿ,
ಕೆಲವರಿಗೆ ತಿಳಿಯುವುದೇ ಇಲ್ಲ.

ಬಿ.ಎಚ್. ರೋಡಿನ ರುದ್ರಮ್ಮನ ಖಾನಾವಳಿಯಲ್ಲಿ
ಶೇಂಗಾಪುಡಿಯ ಮಿಕ್ಸಿ ಬಿಟ್ಟರೆ ಬೇರೆ ಯಂತ್ರವಿಲ್ಲ.
ರೊಟ್ಟಿ ಬಡಿಯುವ ನಾಲ್ಕು ಕೈಗಳಿಗೆ
ಬೆಲ್ಟು ಬದಲಿಸುವ ವಿದ್ಯೆ ನನಗೆ ಬಾರದು.
ಮಿಕ್ಸಿ ನೋಡಿ ಎದ್ದರೆ ಪೇಪರಿನಲ್ಲಿ ಸುತ್ತಿ
ಒಂದು ಕಟಕ್ ರೊಟ್ಟಿ, ಒಂದು ಚಿಟಿಕೆ ಕೆಂಪು ಖಾರ.
ದುಡ್ಡು ಬೇಕಾದರೆ ಅಮಾವಾಸ್ಯೆ ಕಳೆದು ಬಾ.

ಲಷ್ಕರ್ ಮೊಹಲ್ಲಾದ ಜೈತುನ್‌ಬಿಯ ಫೋನು
ರಂಜಾನಿನಲ್ಲಿ ಮಾತ್ರ, ಅದೂ ರಾತ್ರಿ ಎರಡಕ್ಕೆ:
ಹಲೀಮಿನ ಗೋಧಿ ತೊಟ್ಟಿಯಲ್ಲಿ, ಮೋಟಾರು ಹೊಗೆಯಲ್ಲಿ.
ಗಾಂಧಿ ಬಜಾರಿನ ನಾಯಿಗಳೆಲ್ಲ ನನ್ನ ಹಿಂದೆ,
ನಾನು ಬೇರಿಂಗಿನ ಹಿಂದೆ.
ನಾಲ್ಕೂವರೆಗೆ ಕಲ್ಲು ತಿರುಗಿತು.
ಆಕೆ ನನ್ನ ಕಡೆ ನೋಡಲಿಲ್ಲ, ಗೋಧಿಯ ಕಡೆ ನೋಡಿದಳು,
ನೋಡುತ್ತಲೇ ಒಂದು ಬಟ್ಟಲು ನನ್ನತ್ತ ಸರಿಸಿದಳು.

ಗಾಜನೂರಿನ ಚೌಡಪ್ಪನದು ಬೇರೆಯೇ ಕತೆ.
ಹೊಳೆಮೀನಿನ ಸಾರಿಗೆ ಕಾರುಗಳ ಸಾಲು.
ಮಸಾಲೆಗೆ ಮಾತ್ರ ಅವನವ್ವ
ಒರಳು ಬಿಟ್ಟು ಏಳುವುದಿಲ್ಲ.
ಸಾಲ ಮಾಡಿ ತಂದ ಗ್ರೈಂಡರಿನೊಳಗೆ
ಕೋಳಿ ಕಾವಿಗೆ ಕೂತಿತ್ತು.
'ಚಾಲೂ ಮಾಡಿ ತೋರಿಸು, ಅವ್ವ ನಂಬಲಿ' ಎಂದು ಕರೆದವನೇ
ತಲೆ ಕೆರೆದು ಅಂದ:
'ಇಪ್ಪತ್ತೊಂದು ದಿನ ಬಿಟ್ಟು ಬಾರೋ.'

ಊರವರು ಕೇಳುತ್ತಾರೆ: ಯಾವ ಹೋಟೆಲು ಚೆನ್ನ?
ಏನು ಹೇಳಲಿ.
ನಾನು ತಿಂದದ್ದೆಲ್ಲ ನಿಂತು, ಹಂಡೆಯ ಪಕ್ಕ,
ಗ್ರೀಸು ಹತ್ತದ ಮೂರು ಬೆರಳಲ್ಲಿ:
ಅಂಚು ಹರಿದ ದೋಸೆ, ಒಡೆದ ಬೋಂಡ,
ತಳ ಹಿಡಿದ ಕೇಸರಿಬಾತು.
ತಳ ಹಿಡಿದದ್ದರ ರುಚಿ
ಮೇಲೆ ತಿಂದವರಿಗೆ ಗೊತ್ತಿಲ್ಲ, ಬಿಡಿ.

ನರ್ಸಿಂಗು ಮುಗಿಸಿದ ಮಗಳು ದಾಕ್ಷು
ಮೊದಲ ಸಂಬಳದ ದಿನ ಅಂದಳು,
'ಅಪ್ಪಾ, ಇವತ್ತು ಮುಂದಿನ ಬಾಗಿಲಿಂದ ಹೋಗೋಣ.'

ಗಲ್ಲಾದಿಂದ ಐತಾಳರು ಗಾಬರಿಯಾಗಿ ಎದ್ದರು:
'ಏನಾಯ್ತೋ? ನಾವು ಕರೆದಿಲ್ಲವಲ್ಲ?'
'ತಿಂಡಿಗೆ ಬಂದೆ.'
ಹಾಗೆ ಹೇಳುವಾಗ ಯಾಕೋ
ತಪ್ಪೊಪ್ಪಿಕೊಂಡಂತೆ ಕೇಳಿತು.

ಗೋಡೆಯ ಮೇಲೆ ಹದಿನಾಲ್ಕು ಬಗೆಯ ದೋಸೆಯ ಹೆಸರು.
ಹದಿನಾಲ್ಕಕ್ಕೂ ಹಿಟ್ಟು ಒಂದೇ,
ನನಗೂ ಕಲ್ಲಿಗೂ ಗೊತ್ತು.
ಸುಮ್ಮನಿದ್ದೆ.
ತಟ್ಟೆಯಲ್ಲಿ ಬಂದದ್ದು ಪೂರ್ತಿ ದುಂಡಗಿತ್ತು.
ಎಲ್ಲಿಂದ ಮುರಿಯಬೇಕೆಂದು ತಿಳಿಯದೆ
ಹರಿದ ಅಂಚಿಗಾಗಿ ಒಂದು ಸುತ್ತು ತಿರುಗಿಸಿದೆ.

ಆಗ ಒಳಗಿನಿಂದ
ಕೊರ್ ಕೊರ್, ಮತ್ತೆ ಕೊರ್.
ಬೆಲ್ಟು ಜಾರುತ್ತಿದೆ.
'ಅಪ್ಪಾ, ಕೂತ್ಕೋ.' ಕೂತೆ.
ಪರದೆ ಸರಿಸಿ ಭಟ್ಟರ ತಲೆ ಇಣುಕಿತು,
ನನ್ನ ಮುಂದಿನ ತಟ್ಟೆ ನೋಡಿತು,
ಏನೂ ಹೇಳದೆ ಹಿಂದಕ್ಕೆ ಹೋಯಿತು.

ದೋಸೆ ಚೆನ್ನಾಗಿತ್ತು. ಉದ್ದು ಸರಿಯಾಗಿತ್ತು.
ಬಿಲ್ಲು ಬೇಡವೆಂದು ಐತಾಳರು,
ತಗೊಳ್ಳಲೇಬೇಕೆಂದು ದಾಕ್ಷು.
ಕೈ ತೊಳೆಯಲು ಎದ್ದೆ.
ಎಡಕ್ಕೆ ನಲ್ಲಿ, ಬಲಕ್ಕೆ ಅಡುಗೆಮನೆ.
ಎಂಜಲು ಕೈ ಮೇಲೆತ್ತಿ ಹಿಡಿದು
ಬಲಕ್ಕೇ ಹೋದೆ.