ಮೊದಲ ಒಂಬತ್ತು ಸೆಕೆಂಡು

ಮೂವತ್ತೊಂದು ಅಂಗಡಿ, ಮೂವತ್ತೊಂದು ಪರದೆ.
ಪೆಟ್ಟಿಗೆಗೆ ನೂರಾಹತ್ತು ಲಾರಿ, ಮೇಲೊಂದು ಕಾಸೂ ಇಲ್ಲ
ಅಂದ ಬೂಟಿನ ಕಂಪನಿಯ ಯಜಮಾನ.
ಲಾರಿಯೆಂದರೆ ಟಿಬಿಲಿಸಿಯಲ್ಲಿ ದುಡ್ಡು;
ಅದೂ ಓಡುತ್ತದೆ, ಹೆಚ್ಚಾಗಿ ಬೇರೆಯವರ ಮನೆ ಕಡೆಗೆ.
ಗೋಚಾ ತಲೆಯಾಡಿಸಿದ.
ಹೂಂ ಅಂತಲೋ ಉಹೂಂ ಅಂತಲೋ ಅವನಿಗೇ ಗೊತ್ತಿರಲಿಲ್ಲ.

ಎಲಿಯಾವಾ ಸಂತೆಯಲ್ಲಿ
ಕಾರಿನ ಬಾಗಿಲುಗಳನ್ನು ಕುರಿಯ ತೊಡೆಯಂತೆ ತೂಗುಹಾಕಿದ ಸಾಲು ದಾಟಿ
ಯಾವುದೋ ಬ್ಯಾಂಕು ಬಿಸಾಕಿದ ಕಂಪ್ಯೂಟರುಗಳನ್ನು
ತೂಕದ ಲೆಕ್ಕದಲ್ಲಿ ಕೊಂಡ.
ಒಂದರ ಹೊಟ್ಟೆಯಲ್ಲಿ ಸತ್ತ ಜಿರಳೆ,
ಒಂದರ ಬೆನ್ನಿಗೆ ಉಗುರುಬಣ್ಣದ ಕೆಂಪು ಗೀರು,
ಒಂದರಲ್ಲಿ ಯಾರದೋ ಸಾಲದ ಕಂತುಗಳ ಪಟ್ಟಿ, ಅಳಿಸಿದರೂ ಅರ್ಧ ಉಳಿದದ್ದು.

ಡಿಸ್ಕು ಕಿತ್ತ, ಉಗುರಿನಷ್ಟು ಕಾರ್ಡು ಸಿಕ್ಕಿಸಿದ.
ಫ್ಯಾನು ಕಿತ್ತ: ಸದ್ದು ಮಾಡುವುದೇ ಮೊದಲು ಸಾಯುವುದು
ಎಂಬುದು ಅವನ ಅನುಭವ.
'ಕೀಬೋರ್ಡು ಸಿಗಲಿಲ್ಲ,
ಮುಂದುವರಿಯಲು ಕೀಬೋರ್ಡಿನ ಗುಂಡಿ ಒತ್ತಿ'
ಅಂತ ಹಟಹಿಡಿದು ಕೂತ ಮೂವತ್ತೊಂದಕ್ಕೂ
ಇಲ್ಲದ್ದನ್ನು ಕೇಳಬೇಡ ಅಂತ ಒಂದೊಂದಾಗಿ ಕಲಿಸಿದ.

ಕೊನೆಗೆ ನೀಲಿ ಪುಟದ ತಳದಲ್ಲಿ ಒಂದು ಸಾಲು:
ಕರೆಂಟು ಹೋಗಿ ಬಂದರೆ ಏನು ಮಾಡಲಿ?
ಏಳು, ಅಂತ ಆರಿಸಿದ.

ತೊಂಬತ್ನಾಲ್ಕರ ಚಳಿಗಾಲ.
ಸೀಮೆಎಣ್ಣೆಯ ಹೊಗೆಯಲ್ಲಿ ಮಗ್ಗಿ ಬರೆಯುತ್ತಿದ್ದ ಹುಡುಗ.
ಯಾವ ಹೊತ್ತಿಗೋ, ರಾತ್ರಿ ಮೂರಕ್ಕೋ,
ಒಂಬತ್ತು ಮಹಡಿಯೂ ಒಂದೇ ಬಾಯಾಗಿ 'ಬಂತು!' ಅಂತ ಕೂಗುತ್ತಿತ್ತು.
ಅಮ್ಮ ನಿದ್ದೆಗಣ್ಣಲ್ಲೇ ಎದ್ದು ಇಸ್ತ್ರಿ ಮಾಡುತ್ತಿದ್ದಳು,
ನೀರು ಕಾಯಿಸುತ್ತಿದ್ದಳು, ರೊಟ್ಟಿ ಸುಡುತ್ತಿದ್ದಳು,
ಮತ್ತೆ ಹೋಗುವುದರೊಳಗೆ.
ಯಾರೂ ಎಬ್ಬಿಸಬೇಕಾಗಿರಲಿಲ್ಲ.

ಎರಡು ತಿಂಗಳಿಗೆ ಒಝುರ್ಗೆತಿಯಿಂದ ಫೋನು:
ನಿಮ್ಮ ಪೆಟ್ಟಿಗೆ ದಿನಾ ಸಂಜೆ ಸಾಯುತ್ತದೆ,
ಹತ್ತು ನಿಮಿಷಕ್ಕೆ ಬದುಕುತ್ತದೆ. ಬಾಕಿ ಹಣ ಕೊಡುವುದಿಲ್ಲ.
ಮಿನಿಬಸ್ಸಲ್ಲಿ ಐದು ಗಂಟೆ, ಮಡಿಲಲ್ಲಿ ಯಾರದೋ ಕಲ್ಲಂಗಡಿ.
ಹೋಗಿ ಬಿಚ್ಚಿದ, ಮುಟ್ಟಿದ, ಬಿಸಿಯಿಲ್ಲ, ಸಡಿಲವಿಲ್ಲ.
ಬೂಟು ಹಾಕಿ ನೋಡುವ ಮೋಟು ಸ್ಟೂಲಿನ ಮೇಲೆ ಕಾದು ಕೂತ.

ಏಳೂ ನಲವತ್ತು. ಝುಝುನಾ ಬಂದಳು,
ಮುಚ್ಚಿಹೋದ ಚಹಾ ಕಾರ್ಖಾನೆಯ ಹಳೆಯ ಕೆಲಸದವಳು.
ಪರದೆಯ ಕಡೆ ನೋಡದೆ ಸೀದಾ ಬಗ್ಗಿ
ಪೆಟ್ಟಿಗೆಯ ಪ್ಲಗ್ಗು ಕಿತ್ತು ಧೂಳೆಳೆಯುವ ಯಂತ್ರದ್ದು ಚುಚ್ಚಿದಳು.
ನೆಲವಾಯಿತು. ಮತ್ತೆ ಇದನ್ನು ಕಿತ್ತು ಅದನ್ನು ಚುಚ್ಚಿದಳು.
ಕಪ್ಪು. ನಂತರ ಹಿಮ. ನಂತರ
ಮುಚ್ಚಿದ ಬಾಗಿಲ ಮುಂದೆ ಬರಿಗಾಲಲ್ಲಿ ಒಬ್ಬ ಹುಡುಗಿ.
ಅಷ್ಟರಲ್ಲಿ ಮ್ಯಾನೇಜರು ಬೀಗದ ಗೊಂಚಲು ಕುಲುಕಿದ.

'ನೀನೇನಾ ಇದನ್ನು ಮಾಡಿದವನು?' ಅಂದಳು.
'ದಿನಾ ಇಷ್ಟೇ ನೋಡಿ ಹೋಗುತ್ತೇನೆ.
ಆ ಕೂಸಿಗೆ ಯಾರಾದರೂ ಬಾಗಿಲು ತೆಗೀತಾರಾ?'

ಗೋಚಾ ಬೀಗದವನಿಗೆ ಕೈ ಅಡ್ಡ ಹಿಡಿದ.
ಎರಡು ಸ್ಟೂಲು, ಎರಡು ನಿಮಿಷ ನಲವತ್ತು ಸೆಕೆಂಡು, ಸದ್ದಿಲ್ಲದ ಚಿತ್ರ.
ಬಾಗಿಲು ತೆರೆಯಿತು. ಒಳಗೆ ಬೆಂಕಿ, ಹತ್ತೊಂಬತ್ತು ಜೊತೆ ಬೂಟು.
ಹುಡುಗಿ ಒಂದನ್ನು ಹಾಕಿ ಕುಣಿದಳು.
ಇಪ್ಪತ್ತು ಶೇಕಡಾ ರಿಯಾಯಿತಿ ಹಾರಿ ಬಂತು.
ಮತ್ತೆ ಹಿಮ. ಮತ್ತೆ ಬರಿಗಾಲು.
'ಅಯ್ಯೋ, ಎಲ್ಲಿ ಕಳೆದುಕೊಂಡಳು?' ಅಂದಳು ಝುಝುನಾ.

ಮೂರು ತೂತಿನ ಬೋರ್ಡೊಂದು ತಂದು ಗೋಡೆಗೆ ಹೊಡೆದ,
ಒಂಬತ್ತು ಲಾರಿ, ತನ್ನ ಜೇಬಿಂದ.
ಯಂತ್ರಕ್ಕೊಂದು, ಪೆಟ್ಟಿಗೆಗೊಂದು, ಒಂದು ಖಾಲಿ.

ವಾರಕ್ಕೆ ಮತ್ತೆ ಫೋನು:
ಈಗಲೂ ಸಾಯುತ್ತದೆ, ಏಳೂ ನಲವತ್ತಕ್ಕಲ್ಲ, ಏಳೂ ಐವತ್ತಕ್ಕೆ,
ನೆಲ ಒರೆಸಿ ಮುಗಿದ ಮೇಲೆ, ಒಂದೇ ಕ್ಷಣ.
ಗೋಚಾ ಬೆಸುಗೆಯ ಕಡ್ಡಿ ಕೆಳಗಿಟ್ಟ.
ಪೆಟ್ಟಿಗೆ ಸರಿಯಾಗಿದೆ, ಅಂದ.
ಬೀಗ ಮೂರು ನಿಮಿಷ ತಡವಾಗಿ ಹಾಕಿ.